ಕಾಯುವುದಕ್ಕೂ ಕಾಸು ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹೆತ್ತವರ ಸಂಪಾದನೆ ಮಕ್ಕಳ ಬದುಕನ್ನು ಹೇಗೆ ರೂಪಿಸುತ್ತದೆ ಎಂದರೆ ಥಟ್ಟನೆ ನೆನಪಾಗುವುದು ಶಾಲೆಯ ಶುಲ್ಕ, ಡೊನೇಷನ್, ಟ್ಯೂಷನ್. ಅದೆಲ್ಲ ನಿಜವೇ. ಆದರೆ ಓದು ಮುಗಿದ ಮೇಲೂ ಅಪ್ಪನ ಹಣ ತನ್ನ ಕೆಲಸ ನಿಲ್ಲಿಸುವುದಿಲ್ಲ. ನಾನಿಂದು ಹೇಳಹೊರಟಿರುವುದು ಅದರ ಬಗ್ಗೆ.

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ತಿಂಗಳ ಲೆಕ್ಕ ಕೇಳಿ ನೋಡಿ. ಇಬ್ಬರು ಮೂವರು ಹಂಚಿಕೊಂಡ ಕೋಣೆಯ ಬಾಡಿಗೆ, ಮೆಸ್ಸಿನ ಊಟ, ಜೆರಾಕ್ಸ್ ನೋಟ್ಸು. ಗದ್ದಲವಿಲ್ಲದೆ ಓದಲು ಒಂದು ಕುರ್ಚಿ ಬೇಕೆಂದರೆ ಅದಕ್ಕೂ ಬಾಡಿಗೆ. ಹತ್ತಿಯನ್ನೋ ಸೋಯಾಬೀನನ್ನೋ ಮಾರಿದ ತಿಂಗಳು ಊರಿನಿಂದ ಹಣ ಬರುತ್ತದೆ. ಉಳಿದ ತಿಂಗಳು ಕೈಗಡವೇ ಗತಿ.

2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ, ಅಂದರೆ ರಾಜ್ಯದ ಮೇಲ್ದರ್ಜೆಯ ಅಧಿಕಾರಿಗಳ ಹುದ್ದೆಗಳಿಗೆ, ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ತಪ್ಪುಗಳ ಸರಮಾಲೆಯಾಗಿತ್ತು. ಮರುಪರೀಕ್ಷೆ ನಡೆದದ್ದು ಡಿಸೆಂಬರ್ 29ರಂದು. ನಡುವೆ ನಾಲ್ಕು ತಿಂಗಳು. ತಂದೆ ತಾಯಿ ಇಬ್ಬರೂ ಸಂಬಳದಾರರಾಗಿರುವ ಮನೆಯ ಹುಡುಗನಿಗೆ ಅದು ಇನ್ನಷ್ಟು ಓದಲು ಸಿಕ್ಕ ಬಿಡುವು. ಕೂಲಿ ಮಾಡುವವರ ಮಗಳಿಗೆ ಅದು ನಾಲ್ಕು ತಿಂಗಳ ಬಾಡಿಗೆ, ಜೊತೆಗೆ, ಫೋನಿನಲ್ಲಿ ಅಪ್ಪ ಅಳುಕುತ್ತಲೇ ಕೇಳುವ "ಇನ್ನೂ ಎಷ್ಟು ದಿನ ಆಗಬಹುದಮ್ಮ?" ಎಂಬ ಪ್ರಶ್ನೆ. ಆಕೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿ, ಯಾವುದೋ ಖಾಸಗಿ ಶಾಲೆಯಲ್ಲಿ ಪಾಠ ಹೇಳಲು ಸೇರಿಕೊಂಡರೆ ಅದು ಯಾವ ಫಲಿತಾಂಶದ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ನೀಟ್ ಕಥೆಯೂ ಇದೇ. ಮೊದಲ ಸಲ ಅಂಕ ಸಾಲದಿದ್ದರೆ ಉಳ್ಳವರ ಮಗು 'ಲಾಂಗ್ ಟರ್ಮ್' ತರಗತಿಗೆ ಸೇರಿ ಇನ್ನೊಂದು ವರ್ಷ ಓದುತ್ತದೆ. ಇಲ್ಲದವರ ಮಗು ಸಿಕ್ಕಿದ ಕೋರ್ಸಿಗೆ ಸೇರುತ್ತದೆ. ಇಬ್ಬರ ಬುದ್ಧಿಯಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿರಬೇಕಿಲ್ಲ.

ಭಾರತದಲ್ಲಿ ತೀರಾ ಕಡಿಮೆ ಆದಾಯದ ಕುಟುಂಬವೊಂದು ದೇಶದ ಸರಾಸರಿ ಆದಾಯವನ್ನು ಮುಟ್ಟಲು ಏಳು ತಲೆಮಾರು ಬೇಕಾಗಬಹುದು ಎಂದು, ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆ 2018ರ ವರದಿಯಲ್ಲಿ ಅಂದಾಜು ಮಾಡಿತ್ತು. ಡೆನ್ಮಾರ್ಕಿನಲ್ಲಿ ಎರಡೇ ತಲೆಮಾರು ಸಾಕಂತೆ. ಏಳು ತಲೆಮಾರಿಗೆ ಆಗುವಷ್ಟು ಆಸ್ತಿ ಮಾಡಿಟ್ಟವರ ಮಾತನ್ನು ನಾವು ಕೇಳಿದ್ದೇವೆ. ಇದು ಅದರ ಇನ್ನೊಂದು ಮಗ್ಗುಲು.

ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನಗಳು ಇವೆ, ಲಕ್ಷಾಂತರ ಮಕ್ಕಳನ್ನು ದಡ ಸೇರಿಸಿವೆ. ಆದರೆ ಅವು ಹೆಚ್ಚಾಗಿ ಕಾಲೇಜಿನ ಹಾಜರಿಯಲ್ಲಿ ಹೆಸರಿರುವತನಕ ಮಾತ್ರ. ಪದವಿಗೂ ಕೆಲಸಕ್ಕೂ ನಡುವಿನ ಕಾಲಕ್ಕೆಂದು ಬಂದದ್ದು ಯುವನಿಧಿ: ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇದರಿಂದ ಹುಡುಗರು ಸೋಮಾರಿಗಳಾಗುತ್ತಾರೆ ಎಂದು ಗೊಣಗುವವರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳಿಗೆ ಇದರ ಹಲವು ಪಟ್ಟು ಹಣವನ್ನು ತಿಂಗಳು ತಿಂಗಳು ಕಳಿಸುತ್ತಾರೆ, ಸೋಮಾರಿತನದ ಮಾತು ಅಲ್ಲಿ ಬರುವುದಿಲ್ಲ!

ಈ ಭತ್ಯೆ ಹೆಚ್ಚಾದರೆ ಒಳ್ಳೆಯದೇ. ಆದರೆ ಅದಕ್ಕಿಂತ ಅಗ್ಗದ ಕೆಲಸವೊಂದಿದೆ: ಹೇಳಿದ ದಿನ, ತಪ್ಪಿಲ್ಲದ ಪ್ರಶ್ನೆಪತ್ರಿಕೆಯೊಂದಿಗೆ ಪರೀಕ್ಷೆ ನಡೆಸಿ, ಹೇಳಿದ ತಿಂಗಳು ಫಲಿತಾಂಶ ಕೊಡುವುದು. ಅದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ.

ನಮಸ್ಕಾರ.