ಓಟಿಂಗ್: ವಿಚಾರಣೆಯೇ ನಡೆಯದ ಸಾವುಗಳು

2021ರ ಡಿಸೆಂಬರ್ 4, ಶನಿವಾರ. ನಾಗಾಲ್ಯಾಂಡ್‌ನ ಮೋನ್ ಜಿಲ್ಲೆಯ ತಿರು ಎಂಬಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದ ಎಂಟು ಮಂದಿ ಪಿಕಪ್ ವಾಹನವೊಂದರಲ್ಲಿ ತಮ್ಮೂರು ಓಟಿಂಗ್‌ಗೆ ಮರಳುತ್ತಿದ್ದರು. ದಾರಿಯಲ್ಲಿ ಹೊಂಚು ಹಾಕಿ ಕುಳಿತಿದ್ದ ಸೇನೆಯ ವಿಶೇಷ ಪಡೆ ಅವರನ್ನು ಉಗ್ರರೆಂದು ಭಾವಿಸಿ ಗುಂಡು ಹಾರಿಸಿತು. ಆರು ಮಂದಿ ಸತ್ತರು, ಇಬ್ಬರು ಬದುಕಿದರು. ಮನೆಗೆ ಬಾರದವರನ್ನು ಹುಡುಕಿಕೊಂಡು ಹೋದ ಊರಿನವರು ಶವಗಳನ್ನು ಕಂಡು ಸಿಡಿದೆದ್ದರು. ಆ ಘರ್ಷಣೆಯಲ್ಲಿ ಮತ್ತೆ ಏಳು ಗ್ರಾಮಸ್ಥರು ಮತ್ತು ಒಬ್ಬ ಯೋಧ ಪ್ರಾಣ ಕಳೆದುಕೊಂಡರು. ಮರುದಿನ ಮೋನ್ ಪಟ್ಟಣದಲ್ಲಿ ಇನ್ನೊಬ್ಬ. ಒಟ್ಟು 14 ನಾಗರಿಕರು.

ನಿಲ್ಲಿಸಲು ಸೂಚಿಸಿದರೂ ವಾಹನ ನಿಲ್ಲಲಿಲ್ಲ ಎಂದು ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ಅಂಥ ಸೂಚನೆಯನ್ನು ಯಾರೂ ಕೊಡಲೇ ಇಲ್ಲ ಎಂದು ಬದುಕುಳಿದವರು ಹೇಳಿದರು. ಯಾರ ಮಾತು ನಿಜ? ಸಾಕ್ಷಿ, ಪಾಟೀಸವಾಲು, ತೀರ್ಪು ಇವೆಲ್ಲ ಇರುವುದು ಇಂಥ ಪ್ರಶ್ನೆಗೇ ಅಲ್ಲವೇ? ಆದರೆ ಓಟಿಂಗ್ ವಿಷಯದಲ್ಲಿ ಅದ್ಯಾವುದೂ ನಡೆಯಲಿಲ್ಲ. ನಾಗಾಲ್ಯಾಂಡ್‌ನ ವಿಶೇಷ ತನಿಖಾ ತಂಡ ಒಬ್ಬ ಮೇಜರ್ ಸೇರಿ 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು. 2023ರಲ್ಲಿ ಕೇಂದ್ರ ಸರ್ಕಾರ ವಿಚಾರಣೆಗೆ ಅನುಮತಿ ನಿರಾಕರಿಸಿತು. ಅನುಮತಿ ಇಲ್ಲವೆಂಬ ಕಾರಣಕ್ಕೇ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಕ್ತಾಯಗೊಳಿಸಿತು. ಮುಂದೆಂದಾದರೂ ಅನುಮತಿ ಸಿಕ್ಕರೆ ಮುಂದುವರಿಸಬಹುದು ಎಂದಿತು.

ಈ ಅನುಮತಿಯ ಬೇರು ಇರುವುದು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಆರನೇ ಸೆಕ್ಷನ್‌ನಲ್ಲಿ. ಕಾಯ್ದೆಯಡಿ ನಡೆದ ಕಾರ್ಯಾಚರಣೆಗಾಗಿ ಕೇಂದ್ರದ ಅನುಮತಿ ಇಲ್ಲದೆ ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ ಆ ಸೆಕ್ಷನ್. ಕ್ವಿಟ್ ಇಂಡಿಯಾ ಚಳವಳಿಯನ್ನು ಹತ್ತಿಕ್ಕಲು ಬ್ರಿಟಿಷರು 1942ರಲ್ಲಿ ತಂದ ಸುಗ್ರೀವಾಜ್ಞೆಯೇ ಈ ಕಾಯ್ದೆಯ ಮೂಲ. ನೆನಪಿಡಿ, ಆ ಸುಗ್ರೀವಾಜ್ಞೆಯಲ್ಲಿ ಪ್ರಾಣ ತೆಗೆಯುವ ಮಟ್ಟಿಗೆ ಬಲ ಬಳಸಲು ಆದೇಶಿಸುವ ಅಧಿಕಾರ ಕ್ಯಾಪ್ಟನ್ ದರ್ಜೆಗಿಂತ ಕೆಳಗಿನವರಿಗೆ ಇರಲಿಲ್ಲ. ಸ್ವತಂತ್ರ ಭಾರತ ಅದನ್ನು ಹವಾಲ್ದಾರ್ ದರ್ಜೆಯವರಿಗೂ ಇಳಿಸಿತು. ನಮ್ಮದೇ ಪ್ರಜೆಗಳ ಮೇಲೆ ಪ್ರಯೋಗಿಸಲು ಪರಕೀಯರಿಗಿಂತ ಸಡಿಲವಾದ ಕಾನೂನನ್ನು ನಾವು ಮಾಡಿಕೊಂಡೆವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

1997ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ ಬೇಲಿ ಹಾಕಿತು. ಕನಿಷ್ಠ ಬಲವನ್ನಷ್ಟೇ ಬಳಸಬೇಕು, ಬಂಧಿತರನ್ನು ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು, ಕಾಯ್ದೆ ಜಾರಿಯಾಗಲು ಬೇಕಾದ, ಪ್ರದೇಶವೊಂದು ಪ್ರಕ್ಷುಬ್ಧವೆಂಬ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. 2016ರಲ್ಲಿ ಮಣಿಪುರದ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಲೋಕೂರ್ ಮತ್ತು ಲಲಿತ್ ಇನ್ನೂ ಸ್ಪಷ್ಟವಾಗಿ ಹೇಳಿದರು: ಸತ್ತವನು ಉಗ್ರನೇ ಇರಲಿ, ಅತಿಯಾದ ಬಲ ಬಳಸಿದ್ದರೆ ಸೇನೆಗೂ ಸಂಪೂರ್ಣ ರಕ್ಷೆಯಿಲ್ಲ.

ಆ ಮಣಿಪುರದ ಪ್ರಕರಣದಲ್ಲಿ ಕನ್ನಡಿಗರು ಓದಲೇಬೇಕಾದ ಒಂದು ವರದಿಯಿದೆ. 1,528 ಕಾನೂನುಬಾಹಿರ ಹತ್ಯೆಗಳ ಆರೋಪದ ಪೈಕಿ ಆರು ಪ್ರಕರಣಗಳನ್ನು ಪರಿಶೀಲಿಸಲು ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗದ ಅಧ್ಯಕ್ಷರು ನಮ್ಮ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಸದಸ್ಯರಲ್ಲೊಬ್ಬರಾದ ಅಜಯ್ ಕುಮಾರ್ ಸಿಂಗ್ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದವರು. 2013ರಲ್ಲಿ ಬಂದ ವರದಿ ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದಿತು. ಸತ್ತ ಏಳು ಮಂದಿಯಲ್ಲಿ ಒಬ್ಬ 12 ವರ್ಷದ ಹುಡುಗ. ಅವನನ್ನು ಮನೆಯಿಂದ ಎಳೆದೊಯ್ದು ಹತ್ತಿರದ ಬಯಲಲ್ಲಿ ಗುಂಡಿಕ್ಕಿದರು ಎಂದು ಮನೆಯವರು ಸಾಕ್ಷ್ಯ ನುಡಿದಿದ್ದರು.

ಇಂಥ ಮಾತು ಆಡಿದ ಕೂಡಲೇ ಸೇನೆಯ ವಿರೋಧಿ ಎಂಬ ಹಣೆಪಟ್ಟಿ ಹಚ್ಚುವವರಿದ್ದಾರೆ. ಕೊಡಗಿನಿಂದ ಬೆಳಗಾವಿಯವರೆಗೆ ಮನೆಮಗನನ್ನು ಸೇನೆಗೆ ಕಳಿಸಿದ ಕುಟುಂಬಗಳು ನಮ್ಮ ನಡುವೆಯೇ ಇವೆ. ಕಾಡಿನ ಕತ್ತಲಲ್ಲಿ ಕ್ಷಣಾರ್ಧದಲ್ಲಿ ನಿರ್ಧಾರ ಮಾಡಬೇಕಾದ ಯೋಧನ ಕಷ್ಟ ನನಗೆ ಅರ್ಥವಾಗುತ್ತದೆ. ಸುಳ್ಳು ಮೊಕದ್ದಮೆಗಳಿಂದ ಅವನಿಗೆ ರಕ್ಷಣೆ ಬೇಕು, ಖಂಡಿತ ಬೇಕು. ಆದರೆ ಅದು ಸುಳ್ಳೋ ನಿಜವೋ ಎಂದು ತೀರ್ಮಾನಿಸುವವರು ಯಾರು? ಪಡೆಯನ್ನು ಕಳಿಸಿದ್ದೂ ಕೇಂದ್ರ, ವಿಚಾರಣೆ ಬೇಡವೆಂದದ್ದೂ ಕೇಂದ್ರ. ಜಮ್ಮು ಮತ್ತು ಕಾಶ್ಮೀರದಿಂದ ಬಂದ ಇಂಥ 50 ಕೋರಿಕೆಗಳಲ್ಲಿ 47 ತಿರಸ್ಕೃತವಾಗಿವೆ, ಉಳಿದ ಮೂರು ಬಾಕಿ ಇವೆ ಎಂದು ಸರ್ಕಾರವೇ 2018ರಲ್ಲಿ ರಾಜ್ಯಸಭೆಗೆ ತಿಳಿಸಿತ್ತು. ಐವತ್ತರಲ್ಲಿ ಒಂದಾದರೂ ನ್ಯಾಯಾಧೀಶರ ಮುಂದೆ ಹೋಗಲು ಯೋಗ್ಯವಾಗಿರಲಿಲ್ಲವೇ? ತಪ್ಪು ಮಾಡದ ಯೋಧನಿಗೂ ಇದರಿಂದ ಅನ್ಯಾಯವೇ, ಏಕೆಂದರೆ ನಿರ್ದೋಷಿ ಎಂಬ ತೀರ್ಪು ಅವನಿಗೆ ಎಂದಿಗೂ ಸಿಗುವುದಿಲ್ಲ.

ಸಂವಿಧಾನದ 21ನೇ ವಿಧಿ ಜೀವದ ಹಕ್ಕನ್ನು ಕೊಡುವಾಗ ಓಟಿಂಗ್‌ಗೊಂದು, ಬೆಂಗಳೂರಿಗೊಂದು ಅಳತೆ ಇಟ್ಟಿಲ್ಲ. 1997ರ ಸಂವಿಧಾನ ಪೀಠವೇ ಇನ್ನೊಂದು ಮಾತನ್ನೂ ಹೇಳಿದೆ: ಅನುಮತಿ ಕೊಡಲಿ, ನಿರಾಕರಿಸಲಿ, ಕೇಂದ್ರ ಕಾರಣ ಬರೆಯಬೇಕು, ಆ ಆದೇಶವನ್ನು ನ್ಯಾಯಾಲಯ ಪರಾಮರ್ಶಿಸಬಹುದು. ನಾಗಾಲ್ಯಾಂಡ್ ಸರ್ಕಾರ ಕೇಂದ್ರದ ನಿರಾಕರಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಪ್ರತ್ಯೇಕ ಅರ್ಜಿ ಹಾಕಿದ್ದು ಇದೇ ಬಲದ ಮೇಲೆ ನಿಲ್ಲಬಲ್ಲದು. ನ್ಯಾಯಾಲಯ ಆ ಕಡತವನ್ನು ತರಿಸಿಕೊಂಡು, ತನಿಖಾ ತಂಡ ಕಲೆಹಾಕಿದ ಸಾಕ್ಷ್ಯದ ಪಕ್ಕದಲ್ಲಿಟ್ಟು, ಕೇಂದ್ರ ಕೊಟ್ಟ ಒಂದೊಂದು ಕಾರಣವನ್ನೂ ಓದಬೇಕು. ಅನುಮತಿಯ ಕೋರಿಕೆಗೆ ಇಂತಿಷ್ಟು ತಿಂಗಳಲ್ಲಿ ಉತ್ತರ ಬರಲೇಬೇಕೆಂದು ಸಂಸತ್ತು ಆರನೇ ಸೆಕ್ಷನ್‌ಗೆ ತಿದ್ದುಪಡಿ ತರಬೇಕು, ಆ ಉತ್ತರ ಸತ್ತವರ ಮನೆಯವರ ಕೈಗೂ ತಲುಪಬೇಕು.