ಕವಿತೆ ಗೊತ್ತು, ಶಾಲೆ ಗೊತ್ತಾ?

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಪ್ರತಿಮೆಯ ಪೀಠದೊಳಗೆ ಒಂದು ಕಂಚಿನ ಫಲಕ ಇದೆ. ಅದರಲ್ಲಿ ಎಮ್ಮಾ ಲಾಜರಸ್ 1883ರಲ್ಲಿ ಬರೆದ ಕವಿತೆ. ದಿಕ್ಕೆಟ್ಟು ಬಂದವರಿಗೆ ದೀಪ ಹಿಡಿದು ನಿಂತ ತಾಯಿಯ ಚಿತ್ರ. ವಲಸೆಯ ಜಗಳ ಎದ್ದಾಗಲೆಲ್ಲ ಪರ ಇರೋರೂ ಅದನ್ನೇ ಎಳೆದು ತರ್ತಾರೆ, ವಿರೋಧ ಇರೋರೂ ಅದನ್ನೇ. ಅದೇ ಹೊತ್ತಲ್ಲಿ ಆಕೆ ಒಂದು ಶಾಲೆ ಕಟ್ಟೋಕೂ ಓಡಾಡಿದ್ರು ಅನ್ನೋದನ್ನ ಯಾರೂ ಎತ್ತಲ್ಲ. ನನ್ನ ಕೇಳಿದ್ರೆ, ಆ ಶಾಲೆಯೇ ದೊಡ್ಡ ಕೆಲಸ.

ಹೀಬ್ರೂ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. 1884ರಲ್ಲಿ ಶುರು. ಮುಂದೆ ನ್ಯೂಯಾರ್ಕಿನ ಸ್ಟೈವೆಸೆಂಟ್ ಸ್ಟ್ರೀಟಲ್ಲಿ ನೆಲೆ. ಯಾಕೆ ಬೇಕಾಯ್ತು? 1881ರಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರ್ ಕೊಲೆಯಾಯ್ತು. ತಪ್ಪನ್ನ ಯೆಹೂದಿಗಳ ತಲೆಗೆ ಕಟ್ಟಿ ಊರೂರಲ್ಲಿ ಅವರ ಮನೆ, ಅಂಗಡಿ ಲೂಟಿ ಮಾಡಿದ್ರು. ಮರುವರ್ಷವೇ ಹಳ್ಳಿಗಳಲ್ಲಿ ಅವರು ಹೊಸದಾಗಿ ನೆಲೆಸೋ ಹಾಗಿಲ್ಲ ಅನ್ನೋ ಕಾನೂನು. ಗಂಟುಮೂಟೆ ಕಟ್ಟಿ ಹಡಗು ಹತ್ತಿದ್ರು. ಬಂದಿಳಿದವರನ್ನ ನ್ಯೂಯಾರ್ಕಿನ ವಾರ್ಡ್ಸ್ ದ್ವೀಪದಲ್ಲಿ ಇರಿಸಿದ್ದಾಗ ಎಮ್ಮಾ ಲಾಜರಸ್, ಸಕ್ಕರೆ ಉದ್ಯಮಿಯ ಮಗಳು, ಅಲ್ಲಿಗೇ ಹೋಗಿ ಅವರ ಪಾಡನ್ನ ಕಣ್ಣಾರೆ ನೋಡಿದ್ರು.

ಬಂದವರಿಗೆ ಸುಲಭಕ್ಕೆ ಸಿಗ್ತಿದ್ದದ್ದು ಎರಡೇ: ಗಾಳಿ ಬೆಳಕಿಲ್ಲದ ಕೋಣೇಲಿ ಪೀಸ್ ಲೆಕ್ಕದ ಹೊಲಿಗೆ, ಇಲ್ಲಾ ತಳ್ಳುಗಾಡಿ. ಈ ಶಾಲೆ ಹುಡುಗರಿಗೆ ಮೂರನೇ ದಾರಿ ತೆಗೀತು. ಫೀಸಿಲ್ಲ. ಮರಗೆಲಸ, ಕಬ್ಬಿಣದ ಕೆಲಸ, ಡ್ರಾಯಿಂಗ್, ಜೊತೆಗೆ ಮಾಮೂಲಿ ಪಾಠ.

ಇಲ್ಲೊಂದು ವಿಚಿತ್ರ ಹೇಳ್ಲೇಬೇಕು. ಆ ಕಾಲದ ಅಮೆರಿಕದ ಕೈಕೆಲಸದ ಶಾಲೆಗಳಿಗೆ ಮಾದರಿಯಾಗಿದ್ದ ಕಲಿಕೆಯ ಪದ್ಧತಿ ಬಂದದ್ದು ಎಲ್ಲಿಂದ ಗೊತ್ತಾ? ಮಾಸ್ಕೋದಿಂದ! ಅಲ್ಲಿನ ಇಂಪೀರಿಯಲ್ ಟೆಕ್ನಿಕಲ್ ಸ್ಕೂಲು 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಅದನ್ನ ತೋರಿಸಿತ್ತು. ಕುರ್ಚಿ, ಮೇಜು ಮಾಡಿಸೋದು ಆಮೇಲೆ. ಮೊದಲು ಕಬ್ಬಿಣದ ತುಂಡನ್ನ ವೈಸಿಗೆ ಕಚ್ಚಿಸಿ ಅರ ಹಾಕಬೇಕು. ಉಜ್ಜೋದು, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿಯೋದು. ಸಂದಿಯಲ್ಲಿ ಬೆಳಕು ಇಣುಕಿದ್ರೆ ಮತ್ತೆ ಉಜ್ಜು. ಒಂದು ಕಸುಬನ್ನ ಹೀಗೆ ಬಿಡಿಬಿಡಿಯಾಗಿ ಬಿಚ್ಚಿ, ಸುಲಭದಿಂದ ಕಷ್ಟಕ್ಕೆ ಕಲಿಸೋದು. ಹುಡುಗರನ್ನ ಓಡಿಸಿದ ದೇಶವೇ ಅವರಿಗೆ ಅನ್ನ ಕೊಡೋ ವಿದ್ಯೆಯನ್ನ ಮುಂಚೆಯೇ ಕಳಿಸಿಟ್ಟ ಹಾಗಾಯ್ತು.

ಹಾಗಂತ ದಾನ ಕೊಟ್ಟವರನ್ನ ಪೂರ್ತಿ ಹೊಗಳೋಕೆ ನಾನು ತಯಾರಿಲ್ಲ. ಊರಲ್ಲಿ ಮೊದಲೇ ಬೇರೂರಿದ್ದ ಸಿರಿವಂತ ಯೆಹೂದಿಗಳಿಗೆ ಕರುಣೆಯೂ ಇತ್ತು, ಮುಜುಗರವೂ ಇತ್ತು. ಈ ಹರಕು ಬಟ್ಟೆಯ ನೆಂಟರಿಂದ ನಮ್ಮ ಮರ್ಯಾದೆಗೂ ಕುತ್ತು ಬಂದ್ರೆ ಅನ್ನೋ ಭಯ. ಬೇಗ ಅಮೆರಿಕನ್ನರನ್ನಾಗಿ ಮಾಡ್ಬೇಕು ಅನ್ನೋ ಆತುರ. ಹುಡುಗಿಯರಿಗೆ ಬೇರೆಯೇ ಟೆಕ್ನಿಕಲ್ ಸ್ಕೂಲು ಇತ್ತು. ಅಲ್ಲಿ ಲೇತ್ ಅಲ್ಲ, ಹೊಲಿಗೆ, ಟೈಪಿಂಗ್, ಶೀಘ್ರಲಿಪಿ. ಆದ್ರೂ ಒಂದು ಮಾತು ಒಪ್ಪಲೇಬೇಕು, ಕೊಟ್ಟವರ ಮನಸ್ಸಲ್ಲಿ ಏನೇ ಇರ್ಲಿ, ಕಲಿತದ್ದು ಕಲಿತವನ ಕೈಯಲ್ಲೇ ಉಳೀತು.

ರೈಲ್ವೆಯಲ್ಲಿ ದುಡ್ಡು ಮಾಡಿದ್ದ ಬ್ಯಾರನ್ ಮಾರಿಸ್ ಡಿ ಹಿರ್ಷ್ ಅವರ ನಿಧಿ, ವಲಸೆ ಬಂದ ಯೆಹೂದಿಗಳ ನೆರವಿಗೆ ಅಂತ, 1891ರಲ್ಲಿ ಬಂತು. ಅದರ ಟ್ರೇಡ್ ಸ್ಕೂಲು ಇನ್ನೂ ಅವಸರದ್ದು: ಐದೂವರೆ ತಿಂಗಳಲ್ಲಿ ಪ್ಲಂಬಿಂಗ್, ಪೇಂಟಿಂಗ್, ಎಲೆಕ್ಟ್ರಿಕಲ್ ಕೆಲಸ. ಹೊಟ್ಟೆ ಕಾಯಲ್ಲ ನೋಡಿ.

ಎಮ್ಮಾ ಲಾಜರಸ್ 1887ರಲ್ಲೇ, 38ನೇ ವಯಸ್ಸಿಗೆ ತೀರಿಕೊಂಡ್ರು. ಫಲಕ ಹಾಕಿದ್ದು 1903ರಲ್ಲಿ. ಅಷ್ಟು ಹೊತ್ತಿಗೆ ಶಾಲೆಗೆ ಹತ್ತೊಂಬತ್ತು ವರ್ಷ. ಆಮೇಲೆ ಯಾವ ದೇಶದಿಂದ ಎಷ್ಟು ಜನ ಬರಬಹುದು ಅಂತ ಮಿತಿ ಹಾಕಿದ 1924ರ ಕೋಟಾ ಕಾನೂನು ಪೂರ್ವ ಯುರೋಪಿನಿಂದ ಬರೋರಿಗೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಬಿಡ್ತು. ಶಾಲೆ 1939ರಲ್ಲಿ ನಿಂತುಹೋಯ್ತು. ಅದೇ 1939ರ ಜೂನಿನಲ್ಲಿ ಸೇಂಟ್ ಲೂಯಿಸ್ ಅನ್ನೋ ಹಡಗು, ಒಳಗೆ 900ಕ್ಕೂ ಹೆಚ್ಚು ಯೆಹೂದಿ ನಿರಾಶ್ರಿತರು, ಮಯಾಮಿಯ ದೀಪಗಳು ಕಾಣೋವಷ್ಟು ಹತ್ತಿರ ಬಂದು, ಇಳಿಯೋಕೆ ಅನುಮತಿ ಸಿಗದೆ ಯುರೋಪಿಗೆ ವಾಪಸ್ ಹೋಯ್ತು. ಫಲಕ ಆಗಲೂ ಪೀಠದಲ್ಲೇ ಇತ್ತು.