ತೋಟದ ಮನೆಗೆ ತ್ರೀ ಫೇಸ್ ಬಂತು: ಕಂಬದಿಂದ ಕೊಟ್ಟಿಗೆವರೆಗೆ

ನಮಸ್ಕಾರ. ಶಿರಸಿ ಹತ್ತಿರದ ನಮ್ಮ ತೋಟದ ಮನೆಗೆ ಈಗ ತ್ರೀ ಫೇಸ್ ಕರೆಂಟ್ ಬಂದಿದೆ. ಕಂಬದಿಂದ ಮನೆಗೆ ನಾಲ್ಕು ತಂತಿ ಬಂದಿರುವುದು ಕಾಣುತ್ತಿದೆ ಅಲ್ವಾ? ಕರೆಂಟ್ ತರುವ ಮೂರು ಫೇಸ್, ವಾಪಸ್ ದಾರಿಗೆ ಒಂದು ನ್ಯೂಟ್ರಲ್. ಮೊದಲು ಎರಡೇ ತಂತಿ ಇತ್ತು, ಅಂದರೆ ಸಿಂಗಲ್ ಫೇಸ್. ಮನೆ, ಕೊಟ್ಟಿಗೆ, ಅಡಿಕೆ ಸುಲಿಯುವ ಶೆಡ್ ಎಲ್ಲವೂ ಅದರಲ್ಲೇ ನಡೆಯಬೇಕಿತ್ತು. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ಸಂಜೆ ಸುಲಿಯುವ ಯಂತ್ರ ಚಾಲೂ ಮಾಡಿದರೆ ಮೋಟರ್ ಗುಂಯ್ ಎನ್ನುತ್ತ ಒದ್ದಾಡುತ್ತಿತ್ತು. ಅಡುಗೆಮನೆಯ ಬಲ್ಬೂ ಮಂಕಾಗುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ ಕರೆಂಟಿಗೆ ಏನು ಬರ? ಕೈಗಾದಲ್ಲಿ 220 ಮೆಗಾವಾಟಿನ 4 ಘಟಕಗಳಿವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಆದರೆ ಅಲ್ಲಿ ಎಷ್ಟೇ ಕರೆಂಟ್ ಹುಟ್ಟಲಿ, ನಮ್ಮ ಮೋಟರಿಗೆ ಸಿಗುವ ವೋಲ್ಟೇಜ್ ನಿಂತಿರುವುದು ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ ಮನೆಗೆ, ಮನೆಯಿಂದ ಶೆಡ್ಡಿಗೆ ಬರುವ ತಂತಿಯ ಮೇಲೆ. ಇದರಲ್ಲಿ ಮೀಟರಿನ ಆಚೆಗಿನ ತಂತಿ ಇಲಾಖೆಯದು. ಈಚೆಗಿನದು ನಮ್ಮದೇ ಜವಾಬ್ದಾರಿ. ಈ ವಿಡಿಯೋ ಜಾಸ್ತಿ ಅದರ ಬಗ್ಗೆಯೇ.

ಮೊದಲು ಲೋಡ್ ಲೆಕ್ಕ ಹಾಕಿದೆವು. ಸುಲಿಯುವ ಯಂತ್ರ 3 ಎಚ್‌ಪಿ, ಹುಲ್ಲು ಕತ್ತರಿಸುವ ಯಂತ್ರ 2, ಹಾಲು ಕರೆಯುವ ಯಂತ್ರ 1. ಒಂದು ಎಚ್‌ಪಿ ಅಂದರೆ 746 ವಾಟ್. ಮೂರೂ ಸೇರಿ ನಾಲ್ಕೂವರೆ ಕಿಲೋವಾಟ್. ಮನೆಗೆ ಮೂರು ಸೇರಿಸಿದರೆ ಏಳೂವರೆ. ಹಾಗಾಗಿ 8 ಕಿಲೋವಾಟಿಗೆ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟೆವು. ಇರಲಿ ಅಂತ ಸುಮ್ನೆ ಜಾಸ್ತಿ ಬರೆಸಬೇಡಿ. ಮಂಜೂರಾದ ಲೋಡಿನ ಮೇಲೆ ತಿಂಗಳಿಗೆ ನಿಗದಿತ ಶುಲ್ಕ ಬೀಳುತ್ತದೆ. ಶೆಡ್ಡಿನ ಯಂತ್ರಗಳಿಗೆ ಯಾವ ದರ ಅನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ. ತೋಟದ ಪಂಪ್‌ಸೆಟ್ ಈ ಲೆಕ್ಕದಲ್ಲಿ ಇಲ್ಲ. ಅದಕ್ಕೆ ಬೇರೆ ಆರ್‌ಆರ್ ನಂಬರ್, ಅಂದರೆ ಬೇರೆಯೇ ಕನೆಕ್ಷನ್ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಆ ಲೈನಿನಿಂದ ಶೆಡ್ಡಿಗೆ ಎಳೆದುಕೊಳ್ಳುವುದು ತಪ್ಪು, ಅಪಾಯವೂ ಹೌದು.

ಈಗ ಶೆಡ್ಡಿನ ಕಡೆ ಬನ್ನಿ. ಮನೆಯಿಂದ ಇಲ್ಲಿಗೆ 80 ಮೀಟರ್. ಸಣ್ಣ ಪೈಪಿಗೆ ಉದ್ದಕ್ಕೂ ಸ್ಪ್ರಿಂಕ್ಲರ್ ಹಾಕಿದರೆ ಕೊನೆಯದು ತಿರುಗುವುದೇ ಇಲ್ಲವಲ್ಲ, ತಂತಿಯ ಕಥೆಯೂ ಅದೇ. ಮೊದಲು ಇಲ್ಲಿಗೆ ಇದ್ದದ್ದು 4 ಸ್ಕ್ವೇರ್ ಎಂಎಂ ತಾಮ್ರದ ವೈರ್. ಸಿಂಗಲ್ ಫೇಸಿನಲ್ಲಿ 3 ಎಚ್‌ಪಿ ಮೋಟರ್ ಸುಮಾರು 18 ಆಂಪಿಯರ್ ಎಳೆಯುತ್ತದೆ. ಹೋಗಿ ಬರುವ ದೂರ 160 ಮೀಟರ್. ಅಷ್ಟಕ್ಕೇ ಸುಮಾರು 13 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಚಾಲೂ ಆಗುವ ಹೊತ್ತಿಗೆ ಮೋಟರ್ ಇದರ ಐದಾರು ಪಟ್ಟು ಎಳೆಯುತ್ತದೆ. ಆಗ ಏಳುವುದಾದರೂ ಹೇಗೆ?

ಈಗ ತ್ರೀ ಫೇಸ್ ಮೋಟರ್ ಕೂರಿಸಿದ್ದೇವೆ. ಒಂದೊಂದು ಫೇಸಿನಲ್ಲಿ ಹರಿಯುವುದು ಸುಮಾರು 5 ಆಂಪಿಯರ್ ಅಷ್ಟೇ. ಕೇಬಲ್ 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ, ಆರ್ಮರ್ಡ್, ಅಂದರೆ ಒಳಗೆ ಲೋಹದ ಕವಚ ಇರುವುದು. ಒಂದು ಫೇಸಿಗೆ ಒಂದು ವೋಲ್ಟೂ ಕಳೆಯುವುದಿಲ್ಲ. ಖರ್ಚು ಎಲ್ಲಿ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಕೇಬಲ್ ಮತ್ತು ಅರ್ಥಿಂಗ್ ಅನ್ನುತ್ತೇನೆ. ಚಂದದ ಸ್ವಿಚ್ಚು, ಫ್ಯಾನ್ಸಿ ಬೋರ್ಡು ಆಮೇಲೆ ನೋಡಿಕೊಳ್ಳಬಹುದು.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮದು ಚಿರೆಕಲ್ಲಿನ ನೆಲ. ಮಳೆಗಾಲದಲ್ಲಿ ತೊಪ್ಪೆ, ಏಪ್ರಿಲ್ ಹೊತ್ತಿಗೆ ಒಣಗಿ ಗಟ್ಟಿ. ಒಣನೆಲದಲ್ಲಿ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಬಚ್ಚಲ ನೀರು ಹರಿಯುವ ಜಾಗದಲ್ಲಿ, ಬಾಳೆಯ ಬುಡದ ಹತ್ತಿರ ಗುಂಡಿ ತೆಗೆಸಿದೆವು. ಅಲ್ಲಿ ವರ್ಷವಿಡೀ ತೇವ ಇರುತ್ತದೆ.

ಕೊಟ್ಟಿಗೆಗೆ ಬೇರೆಯೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು ಅದು. ಇದರಲ್ಲಿ ರಾಜಿ ಬೇಡ. ದನ ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತಿರುತ್ತದೆ. ನಮಗೆ ಗೊತ್ತೇ ಆಗದಷ್ಟು ಸಣ್ಣ ಶಾಕ್ ಅದಕ್ಕೆ ತಾಗುತ್ತದೆ. ಹಾಲು ಕರೆಯುವಾಗ ಹಸು ಸುಮ್ಮಸುಮ್ಮನೆ ಕಾಲು ಎತ್ತುತ್ತಿದೆ ಅಂದರೆ ಒಮ್ಮೆ ವೈರಿಂಗ್ ಪರೀಕ್ಷೆ ಮಾಡಿಸಿ. ಗೋದಲಿಯ ಕಬ್ಬಿಣದ ಸರಳು, ನೀರಿನ ಪೈಪು, ಎಲ್ಲವನ್ನೂ ಅರ್ಥಿಗೆ ಸೇರಿಸಿದ್ದೇವೆ. ಅಪ್ಪಯ್ಯ ಪ್ರತಿಯೊಂದನ್ನೂ ಪಕ್ಕದಲ್ಲಿ ನಿಂತು ನೋಡಿದರು.

ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ. ಲೈನಿನ ಮೇಲೆ ಮರ ಬಿದ್ದು ಒಂದು ಫೇಸ್ ಹೋದರೆ ಓಡುತ್ತಿರುವ ಮೋಟರ್ ಉಳಿದ ಎರಡರಲ್ಲೇ ಎಳೆದು ಸುಟ್ಟುಹೋಗಬಹುದು. ಅದಕ್ಕೆ ಸ್ಟಾರ್ಟರಿನಲ್ಲಿ ಪ್ರಿವೆಂಟರ್, ಅಂದರೆ ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ ಬೇಕು. ನ್ಯೂಟ್ರಲ್ ಕಡಿದರೆ ಇನ್ನೂ ಕಷ್ಟ. ಮನೆಯ ಫ್ರಿಜ್ಜು, ಟಿವಿಗೆ 400 ವೋಲ್ಟ್‌ವರೆಗೂ ನುಗ್ಗಬಹುದು. ವೋಲ್ಟೇಜ್ ಜಾಸ್ತಿಯಾದ ಕೂಡಲೇ ಕಡಿದುಹಾಕುವ ರಿಲೇ ಹಾಕಿಸಿ. ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರಿಂದಲೇ ಮಾಡಿಸಿ. ಅರ್ಜಿಗೆ ಅವರ ರಿಪೋರ್ಟೂ ಬೇಕು.

ಕೇಬಲನ್ನು ಮುಕ್ಕಾಲು ಮೀಟರ್ ಆಳದಲ್ಲಿ, ಮರಳು ಹಾಸಿ, ಮೇಲೆ ಇಟ್ಟಿಗೆ ಮುಚ್ಚಿ ಹೂಳಿದ್ದೇವೆ. ಪಕ್ಕದಲ್ಲೇ ಒಂದು ಖಾಲಿ ಪೈಪನ್ನೂ ಬಿಟ್ಟಿದ್ದೇವೆ, ಮುಂದೆ ಅಡಿಕೆ ಒಣಗಿಸುವ ಡ್ರೈಯರ್ ಹಾಕಿದರೆ ಬೇಕಾಗುತ್ತದೆ. ಮಣ್ಣು ಮುಚ್ಚುವ ಮೊದಲು ಅಂಗಳದ ಮೂಲೆಯಿಂದ ಅಳತೆ ಹಿಡಿದು ಬರೆದಿಟ್ಟೆವು, ಫೋಟೋನೂ ತೆಗೆದೆವು. ತೋಟದಲ್ಲಿ ಅಡಿಕೆ ಸಸಿಗೆ ಗುಂಡಿ ತೆಗೆಯುವವರಿಗೆ ಆ ಚೀಟಿ ತೋರಿಸಿಯೇ ಹಾರೆ ಕೊಡಿ.